ಬುತ್ತಿಯ ದಾರಿಯಲ್ಲಿ ನಮ್ಮ ಓಟ

ಎರಡು ವರ್ಷದ ಹಿಂದೆ, ಫೆಬ್ರವರಿ ತಿಂಗಳ ಒಂದು ಭಾನುವಾರ. ಮಸ್ಕಿ ಬೆಟ್ಟದ ಹಿಂಬದಿಯ ಕಾಲುದಾರಿಯಲ್ಲಿ ನಾವು ಮೂವರು ಓಡುತ್ತಾ ಬರುತ್ತಿದ್ದೆವು. ಕಡಲೆ ಹೊಲ ಮುಗಿದು ಬಿಳಿಜೋಳದ ಹೊಲ ಶುರುವಾಗುವಲ್ಲಿ ದಾರಿಗೆ ಅಡ್ಡಲಾಗಿ ಜಾಲಿ ಮುಳ್ಳು ಒಟ್ಟಿತ್ತು. ಹಿಂದಿನ ವಾರ ಅದು ಅಲ್ಲಿರಲಿಲ್ಲ. ಮುಳ್ಳಿನ ಆಚೆ ಒಬ್ಬ ಮುದುಕಿ ತಲೆಯ ಮೇಲೆ ಬುತ್ತಿ ಬುಟ್ಟಿ ಹೊತ್ತು ನಿಂತಿದ್ದಳು. ಬರಿಗಾಲು. ಎತ್ತ ಹೋಗಬೇಕೆಂದು ತಿಳಿಯದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಿದ್ದಳು.

"ಇದ್ಯಾಕ ಯವ್ವಾ, ದಾರಿ ಮುಚ್ಚ್ಯಾರ?" ಎಂದು ಕೇಳಿದೆವು.

"ನೀವು ಓಡಾಕ ಬಂದ್ರಿ, ನಾವು ನಡಿಯೋ ದಾರಿ ಹೋತು ತಮ್ಮಾ" ಎಂದಳು.

ಮಾತಿನಲ್ಲಿ ಸಿಟ್ಟಿರಲಿಲ್ಲ. ಮಳೆ ಬರಲಿಲ್ಲ, ಬೆಳೆ ಹೋಯಿತು ಎನ್ನುವ ಧಾಟಿಯಲ್ಲಿ ಹೇಳಿ, ಸೆರಗು ಸರಿಮಾಡಿಕೊಂಡು ಸುತ್ತುಬಳಸಿನ ದಾರಿ ಹಿಡಿದಳು. ನಮ್ಮ ಕಾಲಲ್ಲಿ ಮೂರು ಸಾವಿರ ರೂಪಾಯಿಯ ಬೂಟುಗಳಿದ್ದವು. ಆ ಬೂಟಿನ ಕಾಲುಗಳು ಅಂದು ಅಲ್ಲಿಂದ ಮುಂದೆ ಓಡಲು ಒಪ್ಪಲಿಲ್ಲ. ಅಂದಿನಿಂದ ಇಂದಿನವರೆಗೆ ಆ ಮಾತು ನಮ್ಮ ಬೆನ್ನು ಬಿಟ್ಟಿಲ್ಲ. ಅದನ್ನು ಓದುಗರ ಮುಂದಿಡಬೇಕೆಂದೇ ಈ ಬರಹ.

ನಾವು ಎಂದರೆ ಮೂವರು. ಒಬ್ಬರು ಸಿಂಧನೂರಿನಲ್ಲಿ ಹೈಸ್ಕೂಲ್ ಮಾಸ್ತರು, ಒಬ್ಬರು ಲಿಂಗಸುಗೂರಿನಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟವರು, ಇನ್ನೊಬ್ಬರು ಮಸ್ಕಿಯ ಬಟ್ಟೆ ವ್ಯಾಪಾರಿ. ಒಂದೇ ಹಾಸ್ಟೆಲಿನಲ್ಲಿ ಅನ್ನ ಉಂಡವರು. ಮೂರೂ ಊರುಗಳು ಒಂದೇ ಹೆದ್ದಾರಿಯ ಮೇಲಿವೆ. ನಡುವೆ ಮಸ್ಕಿ, ಅದರ ಒಂದು ಕಡೆ ಸಿಂಧನೂರು, ಇನ್ನೊಂದು ಕಡೆ ಲಿಂಗಸುಗೂರು. ಎರಡು ಕಡೆಗೂ ಮೂವತ್ತು ಕಿಲೋಮೀಟರಿನ ಆಸುಪಾಸು. ನಲವತ್ತು ದಾಟುವಷ್ಟರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಬಿ.ಪಿ., ಮೂರನೆಯವರಿಗೆ ಅಂಗಿಯ ಗುಂಡಿ ಹಾಕಲು ಬಿಡದ ಹೊಟ್ಟೆ. ಡಾಕ್ಟರು ಮೂವರಿಗೂ ಒಂದೇ ಔಷಧಿ ಹೇಳಿದ್ದರು: ದಿನಾ ಮೈ ಬೆವರಬೇಕು.

ಹೀಗೆ ನಾವು ಬೆಳಗಿನ ಜಾವ ಮೈದಾನಕ್ಕೆ ಇಳಿದೆವು. ಅಲ್ಲಿ ಆಗಲೇ ಹುಡುಗರ ದಂಡು ಇತ್ತು. ನಮ್ಮ ಭಾಗದ ಯಾವ ತಾಲೂಕು ಕೇಂದ್ರಕ್ಕೆ ಹೋದರೂ ಬೆಳಿಗ್ಗೆ ಐದಕ್ಕೆ ಈ ದಂಡು ಕಾಣುತ್ತದೆ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕಾದರೆ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹುಡುಗಿಯರು 400 ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕು. ಅಗ್ನಿವೀರರಾಗಬೇಕೆನ್ನುವ ಹುಡುಗರು 1600 ಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ಅವರಿಗೆ ಓಟವೆಂದರೆ ಅನ್ನದ ಪ್ರಶ್ನೆ, ನಮಗೆ ಅನ್ನ ಅರಗಿಸುವ ಪ್ರಶ್ನೆ. ಮೊದಲ ದಿನ ಆ ದೂರಕ್ಕೆ ನಮಗೆ ಹದಿಮೂರು ನಿಮಿಷ ಹಿಡಿಯಿತು.

ತಿಂಗಳು ಕಳೆಯುವಷ್ಟರಲ್ಲಿ ಗಾಣದೆತ್ತಿನಂತೆ ಸುತ್ತುವುದು ಸಾಕಾಯಿತು. ಮಾಸ್ತರರ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ: "ಸರ್, ಇಲ್ಲಿ ಸುತ್ತಿ ಸುತ್ತಿ ಬ್ಯಾಸರ ಆಗ್ತದ. ಕಾಲುವಿ ದಂಡಿಗೆ ಹೋಗ್ರಿ, ಗುಡ್ಡ ಹತ್ರಿ. ಮೊಣಕಾಲೂ ಉಳೀತಾವ." ಡಾಂಬರು ಬಿಟ್ಟು ಕಾಲುದಾರಿಯಲ್ಲಿ ಓಡುವುದಕ್ಕೆ ಟ್ರೇಲ್ ರನ್ನಿಂಗ್ ಎಂಬ ಹೆಸರಿದೆಯೆಂದು ಅವನಿಂದಲೇ ನಮಗೆ ತಿಳಿದದ್ದು. ಹೆಸರು ಏನೇ ಇರಲಿ, ಅಂದಿನಿಂದ ಪ್ರತಿ ಭಾನುವಾರ ಒಬ್ಬೊಬ್ಬರ ಊರಿನ ಸರದಿ ಹಾಕಿಕೊಂಡೆವು.

ಸಿಂಧನೂರಿನ ಸರದಿ ಬಂದರೆ ಕಾಲುವೆಯ ದಂಡೆ. ತುಂಗಭದ್ರಾ ಎಡದಂಡೆ ಕಾಲುವೆ ನಮ್ಮ ನಾಡಿನ ಹಣೆಬರಹ ಬದಲಿಸಿದ್ದು ಎಲ್ಲರಿಗೂ ಗೊತ್ತು. 1953ರಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟ ಮೇಲೆ, ಜೋಳ ಸಜ್ಜೆ ಬೆಳೆಯುತ್ತಿದ್ದ ಸೀಮೆ ಭತ್ತದ ಸೀಮೆಯಾಯಿತು. ಭತ್ತ ಗೊತ್ತಿದ್ದ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರಕಾರ ಇಲ್ಲೇ ಜಾಗ ಕೊಟ್ಟು ಆರ್.ಎಚ್. ಕ್ಯಾಂಪುಗಳನ್ನು ಮಾಡಿತು. ಕಾಲುವೆಯ ದಂಡೆಯ ಮೇಲೆ ಒಂದು ಮುಂಜಾನೆ ಓಡಿದರೆ ಕನ್ನಡ, ತೆಲುಗು, ಉರ್ದು, ಬಂಗಾಳಿ ನಾಲ್ಕೂ ಭಾಷೆಯಲ್ಲಿ "ಎಲ್ಲಿಗೆ ಹೊಂಟೀರಿ?" ಎಂಬ ಪ್ರಶ್ನೆ ಎದುರಾಗುತ್ತದೆ.

ದಂಡೆ ಸಮತಟ್ಟು, ಓಡುವುದು ಸುಲಭ. ಆದರೆ ಎಚ್ಚರ ಬೇಕು. ಕಲ್ಲು ಸಿಮೆಂಟಿನ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ. ಕೈಕಾಲು ತೊಳೆಯಲೆಂದು ಇಳಿದವನು ಜಾರಿದರೆ ಹಿಡಿಯಲು ಒಂದು ಬೇರೂ ಸಿಗದು. ಇನ್ನೊಂದು ಸಂಗತಿಯನ್ನೂ ಕಾಲುವೆ ಕಲಿಸುತ್ತದೆ. ಮೇಲಿನಿಂದ ಕೆಳಗೆ ಹತ್ತು ಕಿಲೋಮೀಟರ್ ಓಡಿದರೆ ನೀರು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬ ಲೆಕ್ಕ ಕಣ್ಣಿಗೇ ಬೀಳುತ್ತದೆ. ಮೇಲೆ ಮೊಣಕಾಲೆತ್ತರದ ಹಸಿರು ಭತ್ತ, ಉಪಕಾಲುವೆಯ ತುದಿಯಲ್ಲಿ ಬಿರುಕು ಬಿಟ್ಟ ಗದ್ದೆ. ಕಾರಿನಲ್ಲಿ ಹೋಗುವವರಿಗೆ ಈ ಲೆಕ್ಕ ಸಿಗುವುದಿಲ್ಲ.

ಲಿಂಗಸುಗೂರಿನ ಸರದಿಯಲ್ಲಿ ದಾರಿಗಳು ಹಲವು. ಮುದಗಲ್ಲಿನ ಕೋಟೆಯ ಹೊರಗೋಡೆಯ ಗುಂಟ, ಕಂದಕದ ಅಂಚಿನಲ್ಲಿ ಓಡಬಹುದು. ಕೃಷ್ಣಾ ತುಂಗಭದ್ರೆಯರ ನಡುವಿನ ಈ ಸೀಮೆಗಾಗಿ ಬಹಮನಿಯವರೂ ವಿಜಯನಗರದವರೂ ಕಾದಾಡಿದ ನೆಲ ಅದು. ಈಗ ಆ ಕಂದಕದ ಬಳಿ ಎಮ್ಮೆಗಳು ಮಲಗಿರುತ್ತವೆ. ಮೊಹರಂ ಬಂದರೆ ಸುತ್ತಲಿನ ಹಳ್ಳಿಗಳಿಂದ ಜಾತಿ ಮತ ನೋಡದೆ ಜನ ಮುದಗಲ್ಲಿಗೆ ಬರುತ್ತಾರೆ. ನಡೆದು ಬರುವವರು ಹಿಡಿಯುವ ಹೊಲದ ದಾರಿಗಳಲ್ಲೇ ನಮ್ಮ ಓಟ. ಇನ್ನೊಂದು ದಾರಿ ಜಲದುರ್ಗದ ಕಡೆಗೆ. ಕೃಷ್ಣೆ ಕವಲೊಡೆದು ನಡುಗಡ್ಡೆ ಮಾಡಿದ ಜಾಗದಲ್ಲಿ ಕೋಟೆ ಇದೆ. ಬಂಡೆಗಳ ನಡುವೆ ನದಿ ಸದ್ದು ಮಾಡುವುದು ದೂರದಿಂದಲೇ ಕೇಳುತ್ತದೆ. ಸಮುದ್ರ ಕಾಣದ ನಮ್ಮ ಸೀಮೆಯವರಿಗೆ ಕಡಲತೀರದ ಸುಖ ಸಿಗುವುದು ಅಲ್ಲೇ.

ಮೂರನೆಯದು ಮಸ್ಕಿ. ಮೊದಲು ಲಿಂಗಸುಗೂರು ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕಾದ ಊರು. ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿ, ಬೆಟ್ಟದ ಬಂಡೆಯೊಂದರ ಮೇಲೆ ಅಶೋಕನ ಶಾಸನ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ಈ ಬೆಟ್ಟಗಳಲ್ಲಿ ಅಲೆಯುವಾಗ ಅದು ಅವನ ಕಣ್ಣಿಗೆ ಬಿತ್ತು. ಬ್ರಾಹ್ಮೀ ಲಿಪಿಯನ್ನು 1837ರಲ್ಲೇ ಜೇಮ್ಸ್ ಪ್ರಿನ್ಸೆಪ್ ಓದಿದ್ದರೂ, ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೇ ಅಶೋಕನೆಂದು ಹೆಸರು ಹಿಡಿದು ಹೇಳಿದ ಶಾಸನ ಮೊದಲು ಸಿಕ್ಕಿದ್ದು ಇಲ್ಲೇ. ಇದು ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬಾರದು, ಧರ್ಮದಲ್ಲಿ ನಡೆದರೆ ಸಣ್ಣವರಿಗೂ ದಕ್ಕುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಆ ಬಂಡೆಯ ಪಕ್ಕದಲ್ಲೇ ಬೂಟಿನ ದಾರ ಬಿಗಿದುಕೊಂಡು ನಾವು ಎಷ್ಟೋ ಸಲ ಓಟ ಶುರು ಮಾಡಿದ್ದೇವೆ. ಅರ್ಥ ತಲೆಗೆ ಹೋದದ್ದು ತಡವಾಗಿ.

ಬೆಟ್ಟದ ದಾರಿ ಕಾಲಿಗೆ ಬೇರೆಯೇ ವ್ಯಾಕರಣ ಕಲಿಸುತ್ತದೆ. ಏರಿನಲ್ಲಿ ಓಡಬಾರದು, ಸಣ್ಣ ಹೆಜ್ಜೆಯಲ್ಲಿ ನಡೆಯಬೇಕು. ಇಳಿಯುವಾಗ ಕಾಲ ಬುಡ ನೋಡದೆ ಮೂರ್ನಾಲ್ಕು ಮಾರು ಮುಂದೆ ನೋಡಬೇಕು. ಕೆಳಗೆ ಎರೆ ಭೂಮಿಗೆ ಇಳಿದರೆ ಮತ್ತೊಂದು ಪಾಠ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮಳೆ ಬಿದ್ದ ಮರುದಿನ ಹತ್ತು ಹೆಜ್ಜೆ ಇಟ್ಟರೆ ಬೂಟಿಗೆ ಎರಡೆರಡು ಸೇರು ಮಣ್ಣು. ಬೇಸಿಗೆಯಲ್ಲಿ ಪಾದ ಇಳಿಯುವಷ್ಟು ಬಿರುಕು. ಹಿಮ್ಮಡಿ ಉಳುಕಿಸಿಕೊಳ್ಳಲು ಅದೊಂದು ಸಾಕು. ಚಳಿಗಾಲದಲ್ಲಿ ಕಡಲೆ ಹೊಲದ ಬದಿಯಲ್ಲಿ ಹಾಯ್ದರೆ ಗಿಡದ ಹುಳಿ ಇಬ್ಬನಿಯಲ್ಲಿ ಬೆರೆತು ಮೊಣಕಾಲ ಗೀರುಗಳು ಚುರುಗುಟ್ಟುತ್ತವೆ. ಏಪ್ರಿಲ್ ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಸೀಮೆ ನಮ್ಮದು. ಏಳು ಗಂಟೆಗೆ ಮುಂಚೆ ಮನೆ ಸೇರಬೇಕು.

ರಂಜಾನ್ ತಿಂಗಳಲ್ಲಿ ನಮ್ಮಲ್ಲೊಬ್ಬರಿಗೆ ಉಪವಾಸ. ಆ ತಿಂಗಳು ಓಟ ಬಿಟ್ಟು ನಡಿಗೆ ಮಾತ್ರ, ಅದೂ ಇಫ್ತಾರಿಗೆ ಮುಂಚಿನ ಅರ್ಧ ಗಂಟೆ. ಉಳಿದಿಬ್ಬರೂ ನೀರಿನ ಬಾಟಲಿ ಮನೆಯಲ್ಲೇ ಬಿಟ್ಟು ಬರುತ್ತಿದ್ದರು. ಯಾರೂ ಹೇಳಿದ್ದಲ್ಲ, ಹಾಗೇ ನಡೆದು ಬಂತು.

ಎಲ್ಲವೂ ಚೆನ್ನಾಗಿತ್ತು. ಕೆಡಿಸಿದ್ದು ನಾವೇ.

ಒಂದು ದಸರಾ ರಜೆಗೆ ಸಂಸಾರ ಸಮೇತ ಗೋಕರ್ಣಕ್ಕೆ ಹೋಗಿದ್ದೆವು. ಅಲ್ಲಿ ಕುಡ್ಲೆಯಿಂದ ಓಂ ಬೀಚಿಗೆ, ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್‌ವರೆಗೆ ಕಡಲಿಗೆ ಚಾಚಿದ ಗುಡ್ಡಗಳ ಮೇಲೆ ಕಾಲುದಾರಿ ಇದೆ. ಒಂದು ಕಡೆ ಜಂಬಿಟ್ಟಿಗೆಯ ಗುಡ್ಡ, ಇನ್ನೊಂದು ಕಡೆ ಕೆಳಗೆ ಸಮುದ್ರ. ದೂರದ ಊರುಗಳ ಯುವಕರು ಕೈಯಲ್ಲಿ ಮೊಬೈಲಿನ ನಕ್ಷೆ ಹಿಡಿದು ಓಡುತ್ತಿದ್ದರು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಎಂಬ ಓಟ ನಡೆಯುತ್ತದೆ, ಐವತ್ತು ಕಿಲೋಮೀಟರಿಗಿಂತ ಹೆಚ್ಚು ಓಡುತ್ತಾರೆ ಎಂದು ಅವರೇ ಹೇಳಿದರು. ನಮಗೆ ಹೊಟ್ಟೆಕಿಚ್ಚಾಯಿತು. ರಾಯಚೂರು ಜಿಲ್ಲೆ ಎಂದರೆ ಬಿಸಿಲು, ಬರ, ಗುಳೆ ಎಂದಷ್ಟೇ ಎಲ್ಲರೂ ಹೇಳುವುದು. ನಮ್ಮಲ್ಲೂ ಬೆಟ್ಟವಿದೆ, ನದಿಯಿದೆ, ಅಶೋಕನ ಬಂಡೆಯಿದೆ. ನಮ್ಮ ದಾರಿಗಳು ಯಾಕೆ ನಕ್ಷೆಯಲ್ಲಿಲ್ಲ?

ಊರಿಗೆ ಬಂದವರೇ ಮಸ್ಕಿ ಬೆಟ್ಟದ ಹಿಂಬದಿಯ ದಾರಿಯನ್ನು ಮೊಬೈಲಿನಲ್ಲಿ ಗುರುತು ಮಾಡಿ, ಹನ್ನೊಂದು ಕಿಲೋಮೀಟರ್ ಎಂದು ಬರೆದು, ಫೋಟೋ ಹಾಕಿ ಎಲ್ಲರಿಗೂ ಹಂಚಿದೆವು. ಸಂಕ್ರಾಂತಿಯ ಮರುವಾರ ಒಂದು ಓಟವನ್ನೂ ಇಟ್ಟುಕೊಂಡೆವು. ಇಪ್ಪತ್ತು ಜನ ಬಂದಾರು ಎಂದುಕೊಂಡಿದ್ದೆವು, ಎಂಬತ್ತು ಜನ ಬಂದರು. ಓಡುವವರಿಗಿಂತ ಫೋಟೋ ತೆಗೆಯಲು ಬೈಕಿನಲ್ಲಿ ಬಂದವರೇ ಹೆಚ್ಚು. ಒಬ್ಬರೇ ನಡೆಯುವ ಬದುವಿನ ಮೇಲೆ ಇಬ್ಬಿಬ್ಬರು ಓಡಿದರು. ಹಿಂದೆ ಬಿದ್ದವರು ಹೊಲದೊಳಗಿಂದ ಅಡ್ಡಹಾಯ್ದರು. ಸುಲಗಾಯಿಯ ಕಾಲ. ಒಬ್ಬ ಒಂದು ಗಿಡ ಕಿತ್ತರೆ ಏನೂ ಅಲ್ಲ, ಎಂಬತ್ತು ಜನ ಕೈಗೊಂದು ಕಿತ್ತರೆ ಒಂದು ಸಾಲೇ ಹೋಯಿತು. ನೀರಿನ ಪಾಕೀಟುಗಳು ದಾರಿಯುದ್ದಕ್ಕೂ ಬಿದ್ದಿದ್ದವು. ಸಂಜೆ ನಾವು ಒಂದಿಷ್ಟು ಆರಿಸಿದೆವು, ಉಳಿದದ್ದು ಗಾಳಿಗೆ ಜೋಳದ ಹೊಲ ಸೇರಿತು. ಮುಂದಿನ ಎರಡು ವಾರವೂ ಬೈಕಿನ ಹುಡುಗರು ಆ ದಾರಿ ಬಿಡಲಿಲ್ಲ. ಮೊಬೈಲಿನಲ್ಲಿ ನಾವು ಹಾಕಿದ ಗೆರೆ ಅವರನ್ನು ನೇರವಾಗಿ ಅಲ್ಲಿಗೇ ಕರೆತರುತ್ತಿತ್ತು.

ಮೂರನೆಯ ವಾರ ಜಾಲಿ ಮುಳ್ಳು ಬಿತ್ತು. ಮುದುಕಿಯ ಆ ಮಾತು ನಾವು ಕೇಳಿದ್ದು ಆಗ.

ಮನುಷ್ಯ ತನ್ನ ತಪ್ಪನ್ನು ಕೂಡಲೇ ಒಪ್ಪಿಕೊಳ್ಳುವುದಿಲ್ಲ. ನಾವೂ ಒಪ್ಪಿಕೊಳ್ಳಲಿಲ್ಲ. ಹೊಲದ ಯಜಮಾನನದೇ ತಪ್ಪು, ತಲೆತಲಾಂತರದ ದಾರಿ ಮುಚ್ಚಲು ಅವನಾರು ಎಂದು ವಾದ ಹೂಡಿದೆವು. ಗ್ರಾಮ ನಕ್ಷೆ ತೆಗೆಸಿದೆವು. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಜೋಡಿ ಚುಕ್ಕೆಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆಗೆರೆ ಇದ್ದರೆ ಕಾಲುದಾರಿ. ಇದನ್ನೇ ನಮ್ಮಲ್ಲಿ ನಕಾಶೆ ಕಂಡ ದಾರಿ ಎನ್ನುತ್ತಾರೆ. ಇಂಥ ದಾರಿ ಮುಚ್ಚಿದ್ದರೆ ತೆರವು ಮಾಡಿಸಬೇಕೆಂದು 2023ರಲ್ಲಿ ಇಲಾಖೆ ತಹಶೀಲ್ದಾರರಿಗೆ ಸುತ್ತೋಲೆಯನ್ನೂ ಕಳಿಸಿತ್ತು. ನಕ್ಷೆಯಲ್ಲಿ ನಮಗೆ ಒಂಟಿ ಚುಕ್ಕೆಗೆರೆ ಸಿಕ್ಕಿತು. ಗೆದ್ದೆವು ಎಂದುಕೊಂಡೆವು. ಆದರೆ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ಹಿಡಿದು ನೋಡಿದಾಗ, ಆ ಗೆರೆ ಇದ್ದದ್ದು ಮೂರು ಹೊಲ ಆಚೆ. ಅಲ್ಲಿ ಹೋಗಿ ನೋಡಿದರೆ ದಾರಿಯ ಗುರುತೂ ಇಲ್ಲ. ಯಾವ ಕಾಲದಲ್ಲೋ ಅದನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದರು.

ಪರಿಚಯದ ವಕೀಲರೊಬ್ಬರನ್ನು ಕೇಳಿದೆವು. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ, ಹಕ್ಕಿನಿಂದ ನಡೆದ ದಾರಿಯ ಮೇಲೆ ಹಕ್ಕು ಹುಟ್ಟುತ್ತದೆಂದು 1882ರ ಕಾಯ್ದೆ ಹೇಳುತ್ತದೆ ಎಂದರು. ನಮ್ಮ ಮುಖ ಅರಳಿತು. ಅವರು ಮುಂದುವರಿಸಿದರು: "ಆದ್ರ ಮಾಲಕ ತಾನಾಗೇ ಹೋಗ್ರಿ ಅಂತ ಬಿಟ್ಟಿದ್ರ, ಅದು ಅನುಮತಿ. ಅನುಮತಿಯಿಂದ ನಡದ್ರ ಎಷ್ಟು ವರ್ಷಾದ್ರೂ ಹಕ್ಕು ಹುಟ್ಟಂಗಿಲ್ಲ." ಅಂದರೆ ಜಗಳವಾಡಿ ನಡೆದವನಿಗೆ ಹಕ್ಕು, ಒಬ್ಬನ ಒಳ್ಳೆಯತನದಿಂದ ನಡೆದವನಿಗೆ ಏನೂ ಇಲ್ಲ! ಕಾನೂನಿನ ಈ ಲೆಕ್ಕ ನಮಗೆ ವಿಚಿತ್ರವೆನಿಸಿತು.

ಕೊನೆಗೆ ಮೊದಲು ಮಾಡಬೇಕಾಗಿದ್ದ ಕೆಲಸ ಮಾಡಿದೆವು. ಹೊಲದ ಯಜಮಾನರ ಮನೆಗೆ ಹೋದೆವು. ನಾಲ್ಕೆಕರೆಯ ರೈತ, ಅರವತ್ತರ ಆಸುಪಾಸು. ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟು, ಆಮೇಲೆ ಮಾತು ತೆಗೆದರು.

"ಅದು ನಮ್ಮಪ್ಪ ಬಿಟ್ಟ ದಾರಿ ರೀ ಮಾಸ್ತರ. ಅಕಡಿ ದಾರಿ ಮಂದಿ ಹೊಡಕೊಂಡ ಮ್ಯಾಲ, ಹತ್ತಿ ಬಿಡಸೋರು, ಕುರಿಯವ್ರು, ಬುತ್ತಿ ತರೋರು ಎಲ್ಲಿಂದ ಹೋಗಬೇಕು ಅಂತ ನಮ್ಮ ಬದುವಿನ ಮ್ಯಾಲ ಹೋಗ್ಲಿ ಅಂದ. ಬಾಯಿಮಾತಿಲೆ ಬಿಟ್ಟಿದ್ದು. ಒಬ್ಬರೂ ಒಂದು ತೆನಿ ಮುರದಿಲ್ಲ. ನೀವು ಮೊಬೈಲ್ದಾಗ ಹಾಕಿ ಊರಿಗೆಲ್ಲ ಬಿಟ್ರಿ. ನಿಮ್ಮನ್ನ ಯಾರು ಕೇಳಿದ್ರು?"

ಉತ್ತರವಿರಲಿಲ್ಲ. ನಿಜವಾಗಿಯೂ ನಮ್ಮನ್ನು ಯಾರೂ ಕೇಳಿರಲಿಲ್ಲ, ನಾವೂ ಯಾರನ್ನೂ ಕೇಳಿರಲಿಲ್ಲ. ಅವರ ತಂದೆ ದಾನವಾಗಿ ಕೊಟ್ಟದ್ದನ್ನು ನಾವು ನಮ್ಮದೆಂದು ಹಂಚಿದ್ದೆವು. ಮುಳ್ಳು ಹಾಕುವಾಗ ಅವರಿಗೆ ಓಟದವರು ಯಾರು, ಬುತ್ತಿಯವರು ಯಾರು ಎಂದು ಆರಿಸಲು ಬರುತ್ತಿರಲಿಲ್ಲ. ಜಾಲಿಗೆ ಆ ಭೇದ ಗೊತ್ತಿಲ್ಲ. ಬೂಟಿನವರು ಇನ್ನೊಂದು ದಾರಿ ಹುಡುಕಿಕೊಂಡರು. ಪೆಟ್ಟು ಬಿದ್ದದ್ದು ಬರಿಗಾಲಿನವರಿಗೆ. ಆ ಬದುವಿನ ಮೇಲೆ ದಿನವೂ ಹಾಯುತ್ತಿದ್ದ ಹನ್ನೆರಡು ಹದಿಮೂರು ಹೆಂಗಸರು ಈಗ ಎರಡು ಕಿಲೋಮೀಟರ್ ಸುತ್ತುತ್ತಿದ್ದರು. ಹೋಗಿ ಬಂದರೆ ನಾಲ್ಕು. ಕೂಲಿಗೆ ತಡವಾದರೆ ಕೂಲಿ ಮುರಿಯುತ್ತದೆ. ನಾವು ಬೆವರಲೆಂದು ಓಡುವ ದೂರವನ್ನು ಅವರು ಬೆವರು ಬತ್ತಿದ ಮೇಲೆ ನಡೆಯಬೇಕಾಯಿತು.

ಇದು ನಮ್ಮೂರಿನ ಕತೆ ಮಾತ್ರವಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ಬುಡದಲ್ಲಿ ಚಾರಣಿಗರ ಜಾತ್ರೆಯೇ ಸೇರಿದ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಅದಾದ ಮೇಲೆ ಸರಕಾರ ಚಾರಣಕ್ಕೆ ತಡೆ ಹಾಕಿ, ಆನ್‌ಲೈನ್ ಬುಕಿಂಗ್ ಮಾಡಿ, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಇಡಬೇಕಾಯಿತು. ಹೊರದೇಶಗಳಲ್ಲೂ ಓಡುವ ದಾರಿಗಳ ಹಿಂದೆ ದುಡಿದವರ ಕಾಲುಗಳೇ ಇವೆ. ಇಂಗ್ಲೆಂಡಿನ ನೈರುತ್ಯ ಕರಾವಳಿಯಲ್ಲಿ ಸಾವಿರ ಕಿಲೋಮೀಟರಿಗೂ ಉದ್ದದ ಕಾಲುದಾರಿಯಿದೆ. ಪ್ರವಾಸಿಗಳು ಈಗ ಅಲ್ಲಿ ಓಡುತ್ತಾರೆ, ಆದರೆ ಅದು ಬೆಳೆದದ್ದು ಕಳ್ಳಸಾಗಣೆಯವರನ್ನು ಹಿಡಿಯಲು ಕೊಲ್ಲಿಕೊಲ್ಲಿಗೂ ಇಣುಕಿ ನೋಡುತ್ತಾ ನಡೆದ ಕಡಲ ಕಾವಲುಗಾರರ ಹೆಜ್ಜೆಯಿಂದ. ಸ್ಕಾಟ್ಲೆಂಡ್ 2003ರಲ್ಲಿ ಒಂದು ಕಾನೂನು ಮಾಡಿತು. ಬೇರೆಯವರ ಜಮೀನಿನ ಮೇಲೂ ನಡೆಯುವ, ಓಡುವ ಹಕ್ಕನ್ನು ಅದು ಎಲ್ಲರಿಗೂ ಕೊಟ್ಟಿದೆ. ಜತೆಗೆ ಹೊಣೆಯಿಂದ ನಡೆದುಕೊಂಡರೆ ಮಾತ್ರ ಎಂಬ ಷರತ್ತೂ ಇದೆ. ಬಿತ್ತಿದ ಬೆಳೆಯೊಳಗೆ ಆ ಹಕ್ಕಿಲ್ಲ, ಹೊಲದ ಅಂಚಿನಲ್ಲಿ ಹೋಗಬಹುದು. ನಮ್ಮ ಯಜಮಾನರ ತಂದೆ ಅಕ್ಷರ ಬರೆಯದೆ ಮಾಡಿದ್ದ ಕಾನೂನೂ ಇದೇ ಅಲ್ಲವೇ?

ನಷ್ಟಕ್ಕೆ ದುಡ್ಡು ಕೊಡುತ್ತೇವೆ ಎಂದೆವು. ಅವರಿಗೆ ಸಿಟ್ಟು ಬಂತು. "ದುಡ್ಡು ಬ್ಯಾಡ. ಬೈಕ್ ಹಾಯ್ದು ಬದು ಒಡದಾವ, ಮಳಿ ಬಂದ್ರ ಮಣ್ಣು ಹೋಗ್ತದ. ಬರ್ರಿ, ಕಲ್ಲು ಹೊರ್ರಿ" ಎಂದರು. ಹೋದೆವು. ಮೂರು ಭಾನುವಾರ ಓಟ ನಿಲ್ಲಿಸಿ ಕಲ್ಲು ಹೊತ್ತೆವು. ಮೈದಾನದ ಹುಡುಗರಲ್ಲಿ ಆರು ಜನ ಜತೆಗೆ ಬಂದರು. ಮೊಬೈಲಿನ ಆ ಗೆರೆಯನ್ನು ನಾವೇ ಅಳಿಸಿದೆವು, ಹಂಚಿಕೊಂಡವರಿಗೂ ಅಳಿಸಿರೆಂದು ಕೇಳಿಕೊಂಡೆವು. ಮೂರನೆಯ ಭಾನುವಾರ ಯಜಮಾನರು ಮುಳ್ಳು ಸರಿಸಿ, ಆ ಜಾಗದಲ್ಲಿ ಎರಡು ಉದ್ದನೆಯ ಕಲ್ಲು ನಿಲ್ಲಿಸಿದರು. ನಡುವೆ ಒಂದೂವರೆ ಗೇಣು ಸಂದು. ಮೈ ಸ್ವಲ್ಪ ಓರೆ ಮಾಡಿದರೆ ಒಬ್ಬ ಮನುಷ್ಯ ದಾಟಬಹುದು, ಆಡು ದಾಟಬಹುದು. ಬೈಕು ದಾಟಲಾರದು. ಬುಟ್ಟಿ ತಲೆಯ ಮೇಲಿರುವುದರಿಂದ ಬುತ್ತಿಯವರಿಗೆ ತೊಂದರೆಯಿಲ್ಲ.

ಕತೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದು ಬರೆಯಬಹುದಿತ್ತು. ಮುಗಿದಿಲ್ಲ. ಯಜಮಾನರ ಇಬ್ಬರು ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಹೆದ್ದಾರಿಯ ಹತ್ತಿರದ ಜಮೀನುಗಳು ಕೈ ಬದಲಾಗುವುದನ್ನು ನಾವು ನೋಡುತ್ತಿದ್ದೇವೆ. ಈ ದಾರಿಯನ್ನು ಕಾಗದದ ಮೇಲೆ ಬರೆದುಕೊಡಿ ಎಂದು ಒಮ್ಮೆ ಮೆಲ್ಲಗೆ ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ನಾ ಇರೋತನಕ ಅದ. ಮುಂದಿಂದು ನನ್ನ ಕೈಯಾಗಿಲ್ಲ" ಎಂದರು. ಅವರನ್ನು ಮತ್ತೆ ಒತ್ತಾಯಿಸುವ ಮುಖ ನಮಗಿರಲಿಲ್ಲ. ನಕಾಶೆ ಕಂಡ ಹಳೆಯ ದಾರಿಯನ್ನು ಬಿಡಿಸಿಕೊಡಿ ಎಂದು ಆ ಹೆಂಗಸರು ತಾಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದಾರೆ. ಅರ್ಜಿ ಬರೆದುಕೊಟ್ಟದ್ದು ಮಾಸ್ತರರು. ಹನ್ನೊಂದು ಸಹಿ, ಎರಡು ಹೆಬ್ಬೆಟ್ಟು. ಅಳತೆಗೆ ಯಾರೂ ಇನ್ನೂ ಬಂದಿಲ್ಲ. ತಿಂಗಳಿಗೊಮ್ಮೆ ಹೋಗಿ ಕೇಳುವ ಕೆಲಸವನ್ನು ನಾವು ವಹಿಸಿಕೊಂಡಿದ್ದೇವೆ. ನಮ್ಮ ಓಟಗಳಲ್ಲಿ ಅದೂ ಒಂದು ಎಂದು ಲೆಕ್ಕ ಹಾಕುತ್ತೇವೆ.

ಈಗಲೂ ಮೂರು ಊರಿನ ಸರದಿ ತಪ್ಪಿಲ್ಲ. ಹೊಸ ದಾರಿಗೆ ಇಳಿಯುವ ಮುನ್ನ ಆ ಹೊಲದಲ್ಲಿ ಯಾರಿದ್ದಾರೆಂದು ನೋಡಿ, ಕೇಳಿ, ಆಮೇಲೆ ಹೆಜ್ಜೆ ಇಡುತ್ತೇವೆ. ಒಬ್ಬರ ಹಿಂದೆ ಒಬ್ಬರು ಓಡುತ್ತೇವೆ. ಬಿತ್ತನೆಯಾದ ಮೇಲೆ ಹೊಲದೊಳಗೆ ಕಾಲಿಡುವುದಿಲ್ಲ. ಎಷ್ಟು ಕಿಲೋಮೀಟರ್ ಓಡಿದೆವು ಎಂದು ಹೇಳಿಕೊಳ್ಳುತ್ತೇವೆ, ಎಲ್ಲಿ ಎಂದು ಹೇಳುವುದಿಲ್ಲ. ಈ ಬರಹದಲ್ಲೂ ಆ ಹಳ್ಳಿಯ ಹೆಸರನ್ನು ಓದುಗರು ಹುಡುಕಬಾರದೆಂದು ವಿನಂತಿ.

ಕಳೆದ ವಾರ ಆ ಎರಡು ಕಲ್ಲುಗಳ ಹತ್ತಿರ ಬರುವಾಗ ಎದುರಿಗೆ ಅದೇ ಮುದುಕಿ ಬುತ್ತಿ ಹೊತ್ತು ಬರುತ್ತಿದ್ದಳು. ಓಟ ನಿಲ್ಲಿಸಿ ಮೂವರೂ ಬದುವಿನಿಂದ ಕೆಳಗಿಳಿದು ನಿಂತೆವು. ಅವಳು ಮೈ ಓರೆ ಮಾಡಿ ಸಂದಿನಿಂದ ದಾಟಿ, ನಮ್ಮ ಹೊಟ್ಟೆಗಳ ಕಡೆ ಒಮ್ಮೆ ನೋಡಿ ನಕ್ಕಳು.

"ಕರಗ್ಯಾವ ತಮ್ಮಾ. ನೀವೂ ಈ ಕಲ್ಲಿನ್ಯಾಗ ಹಾಯ್ತೀರಿ ಈಗ" ಎಂದು ಹೇಳಿ ಹೊಲದ ಕಡೆಗೆ ಬಿರಬಿರನೆ ನಡೆದಳು. ಅವಳು ಜೋಳದ ಆಚೆ ಮರೆಯಾದ ಮೇಲೆ ನಾವು ಒಬ್ಬೊಬ್ಬರಾಗಿ ಆ ಸಂದಿನಿಂದ ದಾಟಿದೆವು.